ಟೈಪಿಂಗ್ ಟೀಚರೂ ನನ್ನ ಅಗ್ಗದ ಲ್ಯಾಪ್‌ಟಾಪೂ

ಟೈಪಿಂಗ್ ಟೀಚರ ಬಲಗೈ ಕಿರುಬೆರಳು ಮೊದಲ ಗಂಟಿನಲ್ಲೇ ಹೊರಕ್ಕೆ ಬಾಗಿತ್ತು. ತೆಕ್ಕಟ್ಟೆಯ ಹೆದ್ದಾರಿ ಬದಿಯ ಮಹಡಿಯಲ್ಲಿ ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದ, ನಮ್ಮಂಥವರಿಗೆ ಕುಟ್ಟಲು ಕಲಿಸಿದ ಬೆರಳು ಅದು. ಯಂತ್ರಗಳು ಗುಜರಿಗೆ ಹೋದ ವರ್ಷವೇ ಅವರು ಕಂಪ್ಯೂಟರ್ ಹಿಡಿದರು. ಆಗ ಅವರಿಗೆ ಅರವತ್ತು.

ನಾನು ಕೋಡಿ ಎಂಬ ಊರಿನ ಅಜ್ಜಿಯಂದಿರು ಹೇಳಿದ ಮದುವೆ ಹಾಡುಗಳನ್ನು ಟೈಪು ಮಾಡಿ ಪುಸ್ತಕ ತರಲು ಹೊರಟಿದ್ದೆ. ಇದ್ದದ್ದು ಕಡಿಮೆ ಬೆಲೆಯ ಪುಟ್ಟ ಲ್ಯಾಪ್‌ಟಾಪ್. ಅಪ್‌ಡೇಟುಗಳಿಂದಲೇ ಹೊಟ್ಟೆ ತುಂಬಿಸಿಕೊಂಡು ಕೂತಿತ್ತು. ಒತ್ತಿದ ಅಕ್ಷರ ಮೂಡುವಷ್ಟರಲ್ಲಿ ಹಾಡಿನ ಸಾಲೇ ಮರೆತುಹೋಗುತ್ತಿತ್ತು. ಹೊಸದು ತೆಗೆದುಕೊಳ್ಳಿ ಎಂದರು ಅಂಗಡಿಯವರು. ನಾನು ಅದನ್ನು ಟೀಚರ ಮನೆಗೆ ಹೊತ್ತುಕೊಂಡು ಹೋದೆ.

"ಹೊಸ್ತ್ ಎಂತಕೆ? ಇದ್ರಲ್ಲಿಪ್ಪುದನ್ನ ಪೂರಾ ತೆಗ್ದ್ ಲಿನಕ್ಸ್ ಹಾಕ್ವ. ಪುಕ್ಕಟೆ ಸಿಕ್ಕತ್ತ್, ಹಗುರ ಇತ್ತ್" ಎಂದು ಕಂಪ್ಯೂಟರು ನಡೆಸುವ ಇನ್ನೊಂದು ತಂತ್ರಾಂಶದ ಹೆಸರು ಹೇಳಿದರು. "ಹಾಡೆಲ್ಲ ಬೇರೆ ಕಡೆ ತೆಗ್ದಿಟ್ಟಿದ್ಯಾ ಹೆಣ್ಣೇ?"

"ಇಟ್ಟಿದ್ದೆ ಟೀಚರ್."

ಆದರೂ ನನ್ನ ಪೆನ್‌ಡ್ರೈವ್ ತೆರೆದು ನೋಡಿದರು. ಅಜ್ಜಿಯಂದಿರ ಧ್ವನಿ ಇರಬೇಕಿದ್ದ ಫೋಲ್ಡರ್ ಖಾಲಿ. ಆ ಅಜ್ಜಿಯಂದಿರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು. ಟೀಚರು ಬೈಯಲಿಲ್ಲ. ಲ್ಯಾಪ್‌ಟಾಪಿನಲ್ಲಿದ್ದ ಎಲ್ಲವನ್ನೂ ತಾವೇ ನಕಲು ಮಾಡಿ, ಒಂದು ಹಾಡು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದರು.

ಮೂರು ಮಧ್ಯಾಹ್ನ ಹಿಡಿಯಿತು. ಮೊದಲ ದಿನ ಏನು ಮಾಡಿದರೂ ಹಳೆಯದೇ ತೆರೆದುಕೊಂಡಿತು. ಎರಡನೆಯ ದಿನ ಬರೀ ಕಪ್ಪು ಪರದೆ. ಸಾಕು ಟೀಚರ್ ಎಂದೆ. ಅವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

"ಕಾಂಬ. ಅದ್ಕೂ ಹಟ, ನಮ್ಗೂ ಹಟ."

ಎಲ್ಲೆಲ್ಲಿಯವರೋ ಪ್ರಶ್ನೆ ಕೇಳಿ ಉತ್ತರ ಬರೆಯುವ ಜಾಲತಾಣವೊಂದರಲ್ಲಿ ಜಾಲಾಡಿ, ಈ ಅಗ್ಗದ ಮಾದರಿಯಲ್ಲಿ ಲಿನಕ್ಸ್ ಶುರುವಾಗಲು ಬೇರೆಯೇ ಒಂದು ಸಣ್ಣ ಫೈಲು ಬೇಕೆಂದು ಮೂರನೆಯ ದಿನ ಪತ್ತೆಹಚ್ಚಿದರು. ಅದನ್ನು ಸೇರಿಸಿದ್ದೇ ತಡ, ಪರದೆ ಬೆಳಗಿತು. ಹಳೆಯದೆಲ್ಲ ಅಳಿಸಬಹುದೇ ಎಂಬ ಪ್ರಶ್ನೆ ಬಂದಾಗ ಟೀಚರು ಕೈ ಹಿಂದಕ್ಕೆ ತೆಗೆದರು.

"ನಿನ್ ಮಿಷನ್. ನೀನೇ ಒತ್ತ್."

ಒತ್ತಿದೆ. ಕೊನೆಗೆ ವೈಫೈ ಕೈಕೊಟ್ಟಿತು. ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ, ಅದರ ಇಂಟರ್ನೆಟ್ಟಿನಿಂದ ಬೇಕಾದ ಫೈಲು ಇಳಿಸಿ ಅದನ್ನೂ ದಾರಿಗೆ ತಂದರು. ನಾನೊಂದು ಸಾಲು ಟೈಪು ಮಾಡಿದೆ. ಬೆರಳು ಎತ್ತುವ ಮೊದಲೇ ಅಕ್ಷರ! ಚಹಾ ಆರಿದ್ದು ಇಬ್ಬರಿಗೂ ತಿಳಿಯಲಿಲ್ಲ. ಸರದಿಯ ಮೇಲೆ ಹಾಡು ಟೈಪು ಮಾಡುತ್ತಲೇ ಹೋದೆವು.

ಟೀಚರು ಅಲ್ಲಿಗೇ ಬಿಡಲಿಲ್ಲ. ಮಾಡಿದ್ದನ್ನೆಲ್ಲ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಅದೇ ಜಾಲತಾಣಕ್ಕೆ ಬರೆದು ಹಾಕಿದರು. ವಾರದೊಳಗೆ ಬ್ರೆಜಿಲಿನವರೊಬ್ಬರು 'ಥ್ಯಾಂಕ್ಯೂ ಸರ್' ಎಂದಿದ್ದರು. ಟೀಚರು ಸೆರಗು ಬಾಯಿಗಿಟ್ಟು ನಕ್ಕರು.

"ಸರ್ ಅಂಬ್ರ್ ಕಾಣ್. ಇರ್ಲಿ, ಅವ್ರ್ ಮಿಷನ್ ಸರಿ ಆಯ್ತಲ್ದಾ."

ಪುಸ್ತಕದ ಮೊದಲ ಪ್ರತಿಯನ್ನು ಅವರ ಕೈಗೇ ಕೊಟ್ಟೆ. ಮರುವರ್ಷ ಹೃದಯಾಘಾತದಿಂದ ತೀರಿಕೊಂಡರು. ಕೆಲವು ತಿಂಗಳ ಬಳಿಕ ಅವರ ಬರಹ ತೆರೆದು ನೋಡಿದರೆ, ಕೆಳಗೆ ಯಾರೋ ಹೊಸಬರು ಸಹಾಯ ಬೇಡಿದ್ದರು. ಹೇಳಿದಂತೆಯೇ ಮಾಡಿದರೂ ತಮ್ಮದು ಶುರುವಾಗುತ್ತಿಲ್ಲ ಎಂದು. ಯಾರೂ ಉತ್ತರಿಸಿರಲಿಲ್ಲ. ಇದನ್ನು ಬರೆದ ಮೇಡಂ ಈಗಿಲ್ಲ, ನಾನು ಅವರ ವಿದ್ಯಾರ್ಥಿನಿ, ನಿಮ್ಮ ಪರದೆಯ ಮೇಲೆ ಏನು ಕಾಣುತ್ತಿದೆ ಹೇಳಿ ಎಂದು ಬರೆದೆ. ಎರಡು ದಿನ ಪ್ರಶ್ನೆ, ಉತ್ತರ ನಡೆದವು. ಮೂರನೆಯ ದಿನ ಅವರ ಲ್ಯಾಪ್‌ಟಾಪೂ ಎದ್ದು ಕೂತಿತು.