ಎಬೆಲೆಗೆ ಬೇಕಾಗಿದ್ದ ಸೀಲು

ನನ್ನ ನಾದಿನಿ ಎಬೆಲೆ ಕೇಳಿದ್ದು ಇಂಜಿನಿಯರಿಂಗ್ ಸೀಟು, ವಿಶ್ವವಿದ್ಯಾಲಯ ಕೊಟ್ಟದ್ದು ಪ್ರಾಣಿಶಾಸ್ತ್ರ. ನಮ್ಮ ಎನುಗು ಊರಿನಲ್ಲಿ ಇದೇನೂ ಹೊಸದಲ್ಲ. ಡಾಕ್ಟರಾಗಲು ಹೊರಟ ನನ್ನ ಗಂಡನೂ ಗ್ರಂಥಾಲಯ ವಿಜ್ಞಾನ ಓದಿಕೊಂಡು ಮನೆಗೆ ಬಂದವನೇ. ಎಬೆಲೆ ನಾಲ್ಕು ವರ್ಷ ಕಪ್ಪೆ ಕೊಯ್ದಳು, ಆಮೇಲೆ ಸೋಲಾರ್ ಅಂಗಡಿ ಸೇರಿದಳು. ವೈರಿಂಗಿನ ನಕ್ಷೆ ಬರೆಯುವವಳು ಅವಳು, ಅದನ್ನು ಓದಿ ಸರಿಯಿದೆಯೆಂದು ಸೀಲು ಹೊಡೆಯಬೇಕಾದವನು ಇಂಜಿನಿಯರ್ ಒಕ್ವುಡಿಲಿ. ಆ ಮಹಾನುಭಾವ ಏಣಿ ಹತ್ತಿದ್ದನ್ನು ಕಂಡವರಿಲ್ಲ.

ಮೂವತ್ತೈದನೇ ವಯಸ್ಸಿಗೆ ಅವಳಿಗೆ ಎರಡು ಕಡೆಯಿಂದ ಪ್ರವೇಶಪತ್ರ ಬಂತು. ಒಂದು ಎರಡು ವರ್ಷದ ಮಾಸ್ಟರ್ಸ್, ಇನ್ನೊಂದು ಮತ್ತೆ ನಾಲ್ಕು ವರ್ಷದ ಮೊದಲ ಪದವಿ, ಈ ಸಲ ಇಂಜಿನಿಯರಿಂಗಿನಲ್ಲಿ. ಮಾಸ್ಟರ್ಸ್ ಮಾಡಿದರೆ ಮರ್ಯಾದೆ ಬರುತ್ತದೆ, ಸೀಲು ಬರುವುದಿಲ್ಲ. ಸೀಲು ಕೊಡುವ ಮಂಡಳಿಗೆ ಇಂಜಿನಿಯರಿಂಗಿನ ಮೊದಲ ಪದವಿಯೇ ಬೇಕು. ಎಬೆಲೆಗೆ ಬೇಕಾದದ್ದು ಸೀಲು. ಆದರೆ ನಮ್ಮತ್ತೆ ಅವಳನ್ನು ಒಂದು ಮಾತೂ ಕೇಳದೆ ಚರ್ಚಿಗೆ ಗೆಣಸು ಹೊತ್ತು, ಆಡು ಹೊಡೆದುಕೊಂಡು ಹೋಗಿ, ಮಗಳ ಮಾಸ್ಟರ್ಸ್‌ಗೆಂದು ದೇವರಿಗೆ ಕೃತಜ್ಞತೆ ಅರ್ಪಿಸಿ, ಸಭೆಯೆಲ್ಲ ನೋಡುವಂತೆ ಕುಣಿದುಬಂದಿದ್ದರು.

"ಮೇಲಿನ ಮೆಟ್ಲು ಬಿಟ್ಟು ಯಾರಾದ್ರೂ ಕೆಳಗಿಳೀತಾರೇನೇ? ಫೇಲಾಗಿ ವಾಪಸ್ ಹೋದ್ಲು ಅಂತಾರೆ ಜನ."

"ಜನಕ್ಕೆ ಸೀಲ್ ಬೇಕಾಗಿಲ್ಲ ಅಮ್ಮಾ. ನಂಗೆ ಬೇಕು."

ಹಾಗಂದವಳು ಮೂರೇ ದಿನಕ್ಕೆ ಸೋತು ಮಾಸ್ಟರ್ಸ್‌ಗೆ ಒಪ್ಪಿದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಎಂಟು ತಿಂಗಳ ಬಸುರಿ, ಕೂತಲ್ಲೇ ಉರಿಯಬೇಕಾಯಿತು.

ಅದೇ ವಾರ ನಮ್ಮ ಬೀದಿಯ ಹೆರಿಗೆ ಆಸ್ಪತ್ರೆ ಶುರುವಾಯಿತು. ವೈರಿಂಗ್ ಎಬೆಲೆಯದು, ಗೋಡೆಯ ಫಲಕದಲ್ಲಿ ಹೆಸರು ಒಕ್ವುಡಿಲಿಯದು. ಉದ್ಘಾಟನೆಯ ಊಟದಲ್ಲಿ ಅವನು ಎರಡನೇ ತಟ್ಟೆ ಜೊಲೊಫ್ ಅನ್ನ ಹಿಡಿದು ಅತ್ತೆಯ ಪಕ್ಕ ಬಂದು ಕೂತ.

"ಅಮ್ಮಾ, ನಿಮ್ಮ ಮಗಳ ಕೈ ಅಂದ್ರೆ ಕೈ. ಅವಳ ನಕ್ಷೆ ನಾನು ಓದೋದೇ ಇಲ್ಲ. ಸೀದಾ ಸೀಲ್ ಹೊಡೀತೀನಿ."

"ಓದೋದೇ ಇಲ್ವಾ?"

"ಯಾರದ್ದೂ ಓದಲ್ಲ. ಪುರುಸೊತ್ತೆಲ್ಲಿದೆ ಹೇಳಿ?"

ಹೊಗಳಿದೆನೆಂದೇ ಅವನು ತಿಳಿದಿದ್ದ. ಅತ್ತೆ ಹೆರಿಗೆ ಕೋಣೆಯ ದೀಪ ನೋಡಿದರು, ನನ್ನ ಹೊಟ್ಟೆ ನೋಡಿದರು. ಮನೆಗೆ ಬಂದವರೇ ಎಬೆಲೆಯನ್ನು ಕರೆದು ಕೂರಿಸಿಕೊಂಡರು.

"ಮಾಸ್ಟರ್ಸ್ ಮುಗಿಸಿದ ಮೇಲೂ ಈ ಮುಠ್ಠಾಳನೇ ಸೀಲ್ ಹೊಡೀಬೇಕಾ?"

"ಇವನೇ."

"ಹಾಗಾದ್ರೆ ಆ ಮೊದಲ ಪದವಿಗೇ ಹೋಗು, ಚಿಳ್ಳೆಪಿಳ್ಳೆಗಳ ಜೊತೆನೇ ಕೂತ್ಕೋ."

"ಮತ್ತೆ ಚರ್ಚಲ್ಲಿ ಕುಣಿದದ್ದು?"

"ದೇವರಿಗೆ ಮೊದಲೇ ಗೊತ್ತಿತ್ತಲ್ಲ, ಆಗ್ಲೇ ಹೇಳ್ಬೇಕಿತ್ತು. ಆಡು ತಿಂದ್ಕೊಂಡು ಸುಮ್ನಿದ್ದ."

ಪ್ರಾಣಿಶಾಸ್ತ್ರ ಸಿಕ್ಕಾಗಲೂ ಅಳದಿದ್ದ ಎಬೆಲೆ ಆವತ್ತು ಅತ್ತಳು.

ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ಹದಿನೆಂಟರ ಹುಡುಗರು ಅವಳನ್ನು ಮಮ್ಮಿ ಎಂದು ಕರೆದು ಅವಳ ಲೆಕ್ಕವನ್ನೇ ನಕಲು ಮಾಡುತ್ತಾರೆ. ನನ್ನ ಮಗಳು ಆ ಆಸ್ಪತ್ರೆಯಲ್ಲೇ ಹುಟ್ಟಿದಳು, ದೀಪ ಒಮ್ಮೆಯೂ ಮಿಣುಕಲಿಲ್ಲ. ಹೆರಿಗೆ ವಿಭಾಗಕ್ಕೆ ಈಗ ಹೊಸ ಕಟ್ಟಡ ಬಂದಿದೆ. ನಕ್ಷೆ ಯಾರದೋ, ಸೀಲು ಒಕ್ವುಡಿಲಿಯದು. ಎರಡನೇ ಮಗು ಬೇಕೆಂದು ಗಂಡ ಅವಸರ ಮಾಡುತ್ತಾನೆ. ಎಬೆಲೆಯ ಸೀಲು ಬರಲಿ ಎಂದಿದ್ದೇನೆ.