ಒಂಬತ್ತನೇ ನಂಬರಿನ ಕಂಪ್ಯೂಟರು

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ಟೀವಿ ಒಂದು ಎಚ್ಚರಿಕೆ ತೋರಿಸಿ ಸುಮ್ಮನಾಯಿತು. ಐಪಿ ವಿಳಾಸದ ಸಂಘರ್ಷವಂತೆ. ಮಗಳು ಹಿಂದಿನ ದಿನ ತಂದಿಟ್ಟ ಪ್ರಿಂಟರೂ ಟೀವಿಯೂ ಒಂದೇ ನಂಬರಿಗಾಗಿ ಜಗಳಕ್ಕೆ ಬಿದ್ದಿದ್ದವು. ಮನೆಯವರೆಲ್ಲ ಇಂಟರ್‌ನೆಟ್ಟಿನವನಿಗೆ ಫೋನು ಹಚ್ಚುವ ಗಡಿಬಿಡಿಯಲ್ಲಿದ್ದರೆ ನಾನು ಕುರ್ಚಿಯಲ್ಲಿ ಕೂತು ನಗುತ್ತಿದ್ದೆ. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಯಾಕೆಂದು ಹೇಳುತ್ತೇನೆ, ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಹಳಿಯಾಳದ ಒಂದು ಕಚೇರಿಯಲ್ಲಿ ‘ಕಂಪ್ಯೂಟರಿನವರು’ ಆಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ; ಆ ಗೋಡೆಗಳು ಇನ್ನೂ ನಿಂತಿವೆ. ನನ್ನ ಹುದ್ದೆ ಕಾಯಂ ಅಲ್ಲ. ಪ್ರತಿ ವರ್ಷ ಕಾಗದ ಮುಂದುವರಿಯಬೇಕು, ಅದಕ್ಕೆ ಹೆಡ್‌ಕ್ಲಾರ್ಕರ ಸಹಿ ಬೀಳಬೇಕು. ವಾರಕ್ಕೆರಡು ದಿನ ಮುಂಡಗೋಡದ ಶಾಖೆಗೂ ಹೋಗಿ ಅಲ್ಲಿನ ಎರಡು ಕಂಪ್ಯೂಟರುಗಳ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದೆ. ಧಾರವಾಡದಲ್ಲಿ ಆರು ತಿಂಗಳ ಕೋರ್ಸು ಮುಗಿಸಿದವನಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ನನ್ನ ಮಾತೇ ಅಲ್ಲಿ ಕೊನೆಯ ಮಾತಾಗಿತ್ತು.

ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೇಬಲ್ಲನ್ನು ಬಾಗಿಲಿಂದ ಕಿಟಕಿಯ ಕಡೆಗೆ ಎಳೆದು, ಅದೇ ಸಾಲಿನಲ್ಲಿ ನಂಬರು ಕೊಟ್ಟುಕೊಂಡು ಹೋದೆ. ನಂಬರಿನಲ್ಲಿ ನಾಲ್ಕು ತುಂಡು. ಮೊದಲ ಮೂರು ಎಲ್ಲರಿಗೂ ಒಂದೇ, ಊರ ಹೆಸರಿದ್ದ ಹಾಗೆ. ಕೊನೆಯದು ಮಾತ್ರ ಬೇರೆ ಬೇರೆ, ಮನೆ ನಂಬರಿದ್ದ ಹಾಗೆ. ಒಂದು ನಂಬರು ಎರಡು ಯಂತ್ರಕ್ಕೆ ಇರಬಾರದು. ಇದ್ದರೆ, ಬೆಳಿಗ್ಗೆ ಯಾವುದನ್ನು ಮೊದಲು ಚಾಲೂ ಮಾಡುತ್ತಾರೋ ನಂಬರು ಅದರದು. ಆಮೇಲೆ ಚಾಲೂ ಆದದ್ದು ಪರದೆಯ ಮೇಲೆ ಒಂದು ಎಚ್ಚರಿಕೆ ತೋರಿಸಿ, ಉಳಿದವುಗಳ ಸಂಪರ್ಕ ಕಡಿದುಕೊಂಡು ಕೂರುತ್ತದೆ. ವಿದ್ಯೆ ಇಷ್ಟೇ.

ಯಾರಿಗೆ ಯಾವ ನಂಬರೆಂದು ನನ್ನ ಕೈಯಾರೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಪಕ್ಕದಲ್ಲೇ ಒಂದು ಸೂಚನೆ: ‘ಯಾರೂ ನಂಬರು ಬದಲಾಯಿಸಬಾರದು.’ ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹೊಸ ವಿದ್ಯೆಯ ಹುಮ್ಮಸ್ಸು ನೋಡಿ, ಎಲ್ಲಿ ಒತ್ತಿ, ಯಾವ ಪೆಟ್ಟಿಗೆ ತೆರೆದು, ಎಲ್ಲಿ ಅಂಕಿ ಅಳಿಸಿ ಬರೆಯಬಾರದು ಎಂಬುದನ್ನೆಲ್ಲ ಒಂದೊಂದಾಗಿ ವಿವರಿಸಿದ್ದೆ. ಬದಲಾಯಿಸುವುದು ಹೇಗೆಂದು ಅಲ್ಲಿಯವರೆಗೆ ಆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲ ಬಳಿಯ ಮುಖ್ಯ ಕಂಪ್ಯೂಟರಿಗೆ ಒಂದನೇ ನಂಬರು. ಅದರ ಪಕ್ಕ ಕೂರುವ ಜುಬೇದಾಬಾಯಿಗೆ ಎರಡು. ಪ್ರಿಂಟರಿಗೆ ಮೂರು. ಗಾಳಿಗಾಗಿ ಕಿಟಕಿ ಹಿಡಿದು ಕೂತ ಹೆಡ್‌ಕ್ಲಾರ್ಕ್ ದೇಸಾಯರಿಗೆ ಕೊನೆಯ ನಂಬರು, ಒಂಬತ್ತು.

ದೇಸಾಯರು ಪಟ್ಟಿಯ ಮುಂದೆ ಕೈ ಹಿಂದೆ ಕಟ್ಟಿ ನಿಂತು ಎರಡು ಸಲ ಓದಿದರು.

“ಪ್ರಿಂಟರ್ ನನಗಿಂತ ಸೀನಿಯರ್ ಏನೋ ತಮ್ಮಾ? ಇಪ್ಪತ್ತೆಂಟು ವರ್ಷ ಸರ್ವಿಸ್ ಆತು ನಂದು. ಅದು ಹೋದ ತಿಂಗಳ ಬಂದೈತಿ.”

“ಇದು ಸೀನಿಯಾರಿಟಿ ಅಲ್ರಿ ಸರ. ಬರೇ ಗುರುತು.”

“ಗುರುತಿಗೂ ಒಂದು ಕ್ರಮ ಅಂತ ಇರ್ತೈತಲ್ಲೋ” ಅಂದರು. ನೊಂದ ದನಿ. ಹಾಜರಿ ಪುಸ್ತಕದಿಂದ ಹಿಡಿದು ಚಹಾದ ಕಪ್ಪು ಬರುವ ಸರದಿಯವರೆಗೆ ಎಲ್ಲದರಲ್ಲೂ ಅವರದೇ ಮೊದಲ ಹೆಸರಿದ್ದ ಕಚೇರಿ ಅದು. ನಾನು ನಕ್ಕುಬಿಟ್ಟೆ. ಅದು ನನ್ನ ಮೊದಲ ತಪ್ಪು.

ಜುಬೇದಾಬಾಯಿಯ ಬಗ್ಗೆ ಹೇಳಬೇಕು. ದಾಂಡೇಲಿಯವರು. ಗಂಡ ಗಿರಣಿಯಲ್ಲಿದ್ದವರು ತೀರಿಕೊಂಡ ಮೇಲೆ ಟೈಪಿಂಗ್ ಕಲಿತು, ಮನೆ ನಡೆಸಲು ಈ ಕೆಲಸಕ್ಕೆ ಬಂದಿದ್ದರು. ಒಂಬತ್ತು ತಿಂಗಳ ಪರೀಕ್ಷಾ ಅವಧಿ. ತಮ್ಮ ಯಂತ್ರದಿಂದ ಹಳೆಯ ರಿಜಿಸ್ಟರುಗಳನ್ನೆಲ್ಲ ಮುಖ್ಯ ಕಂಪ್ಯೂಟರಿಗೆ ಏರಿಸಬೇಕು. ಕೊನೆಗೆ ಕಾರವಾರದಿಂದ ಸಾಹೇಬರು ಬಂದು ಯಾವ ಯಂತ್ರದಿಂದ ಎಷ್ಟು ಕೆಲಸ ಆಗಿದೆ ಎಂದು ನೋಡಿ, ಇವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸಬೇಕು. ಅವರ ಬೆರಳು ಓಡುವ ಸದ್ದಿಗೆ ಮೊದಮೊದಲು ನಾವೆಲ್ಲ ಎದ್ದು ನೋಡುತ್ತಿದ್ದೆವು. ಜೊಯಿಡಾ ಕಡೆಯ ರಿಜಿಸ್ಟರು ಬಂದಾಗ ಒಮ್ಮೆ ಮಾತ್ರ ಕೈ ನಿಲ್ಲಿಸಿದರು.

“ಸರ, ಈ ಊರು ಸೂಪಾ ಡ್ಯಾಮಿನ ನೀರಾಗ ಹೋಗೈತ್ರಿ. ನಮ್ಮ ಅಮ್ಮನ ತವರುಮನಿ ಅಲ್ಲೇ ಇತ್ತು. ಬರೀಲೇನ್ರಿ, ಬಿಡ್ಲೇನ್ರಿ?”

“ರಿಜಿಸ್ಟರಿನ್ಯಾಗ ಇದ್ದದ್ದೆಲ್ಲಾ ಬರೀರಿ.”

“ಹಂಗಾರ ಕಾಗದದಾಗ ಇನ್ನೂ ಐತಿ ಅನ್ರಿ” ಎಂದು ಬರೆದರು.

ಕೆಲವು ವಾರಗಳಾದ ಮೇಲೆ ಕಚೇರಿಯಲ್ಲಿ ಒಂದು ಪವಾಡ ನಡೆಯಿತು. ಹನ್ನೊಂದೂವರೆಗೆ ಮುಂಚೆ ಮುಖ ತೋರಿಸದ ದೇಸಾಯರು ಒಂಬತ್ತೂವರೆಗೇ ಬಂದು ಕೂರತೊಡಗಿದರು. ಕಸ ಹೊಡೆಯುವ ಯಲ್ಲವ್ವ ಕಸಬರಿಗೆ ಹಿಡಿದೇ ನಿಂತು, “ಯಾರರ ಮ್ಯಾಲಿನವ್ರು ಬರೂದೈತೇನ್ರಿ?” ಎಂದು ಎಲ್ಲರನ್ನೂ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ವಯಸ್ಸಾದಂತೆ ನಿದ್ದೆ ಕಡಿಮೆಯಾಗುತ್ತದೆ ಎಂದು ನಾವೇ ಒಂದು ಕಾರಣ ಹುಡುಕಿಕೊಂಡೆವು.

ಅದೇ ವಾರ ಜುಬೇದಾಬಾಯಿಯ ಕಂಪ್ಯೂಟರು ಮುಷ್ಕರ ಹೂಡಿತು. ದಾಂಡೇಲಿಯ ಬಸ್ಸು ಹತ್ತಕ್ಕೆ ಮುಟ್ಟಿಸುತ್ತಿತ್ತು. ಅವರು ಬಂದು ಸ್ವಿಚ್ಚು ಒತ್ತಿದರೆ ಎಚ್ಚರಿಕೆ, ಆಮೇಲೆ ಏನೂ ಇಲ್ಲ. ನಾನು ಮುಂಡಗೋಡದಲ್ಲಿದ್ದೆ. ‘ಬಾಯಿಗೆ ಕಂಪ್ಯೂಟರ್ ನೀಗೂದಿಲ್ಲ’ ಎಂಬ ಮಾತು ಎರಡೇ ದಿನದಲ್ಲಿ ಮೇಜಿಂದ ಮೇಜಿಗೆ ಹೋಗಿತ್ತು. ಮರಳಿ ಬಂದಾಗ ಪರದೆಯ ಮೇಲೆ ಬಂದದ್ದನ್ನು ಅಕ್ಷರ ಬಿಡದೆ ಇಳಿಸಿಕೊಂಡ ಚೀಟಿಯನ್ನು ಅವರು ನನ್ನ ಮುಂದಿಟ್ಟರು. ನಾನು ಸೀದಾ ಕಿಟಕಿಯ ಕಡೆ ಹೋಗಿ ನೋಡಿದೆ. ದೇಸಾಯರ ಯಂತ್ರದಲ್ಲಿ ಎರಡನೇ ನಂಬರು ಕೂತಿತ್ತು, ಮನುಷ್ಯರಿಗೆ ಕೊಟ್ಟದ್ದರಲ್ಲಿ ಮೊದಲನೆಯದು. ನನ್ನ ಸೂಚನೆಯನ್ನು ಅವರು ಚಾಚೂ ತಪ್ಪದೆ ಅನುಸರಿಸಿದ್ದರು, ‘ಬಾರದು’ ಒಂದನ್ನು ಬಿಟ್ಟು. ಬೆಳಿಗ್ಗೆ ಮೊದಲು ಬಂದವರಿಗೇ ನಂಬರು ಅನ್ನುವುದನ್ನೂ ತಾವೇ ಕಂಡುಹಿಡಿದುಕೊಂಡಿದ್ದರು. ಒಂದು ಅಂಕಿಗಾಗಿ ಇಪ್ಪತ್ತೆಂಟು ವರ್ಷದ ನಿದ್ದೆ ಬಿಟ್ಟಿದ್ದರು.

“ಎರಡು ನನ್ನ ಹತ್ರ ಇರ್ಲಿ ತಮ್ಮಾ” ಅಂದರು. ಎಲೆ ಅಡಿಕೆ ಕೊಟ್ಟು ಮಾತಾಡುವಷ್ಟು ಮೆತ್ತಗೆ. “ಆಕಿಗೆ ಬ್ಯಾರೆ ಕೊಡು. ವರ್ಷದ ಕಡೀಗೆ ನಿನ್ನ ಕಾಗದ ಮ್ಯಾಲ ಹೋಗ್ಬೇಕಲ್ಲ? ನಾನ ಕಳಸ್ತೇನಿ, ಚಿಂತಿ ಮಾಡಬ್ಯಾಡ.”

ಚಿಂತೆ ಮಾಡಬೇಡ ಎಂದವರ ಮುಂದೆ ನನಗೆ ಚಿಂತೆ ಶುರುವಾಯಿತು. ಜುಬೇದಾಬಾಯಿಯ ಹತ್ತಿರ ಬಂದು ತಲೆ ಕೆರೆದುಕೊಂಡೆ. ನಾನು ಬಾಯಿ ಬಿಡುವ ಮೊದಲೇ ಅವರು, “ಒಂಬತ್ತು ಖಾಲಿ ಐತಲ್ರಿ ಸರ. ನನಗ ಅದನ್ನ ಕೊಡ್ರಿ, ಕೆಲಸ ನಡೀಲಿ” ಅಂದರು. ಐದು ನಿಮಿಷದಲ್ಲಿ ಸಂಘರ್ಷ ಬಗೆಹರಿಯಿತು. ಸಂಘರ್ಷ ತಡೆಯುವ ಅತಿ ಸುಲಭದ ದಾರಿ ಯಾವುದೆಂದು ನನ್ನ ಕೋರ್ಸಿನಲ್ಲಿ ಹೇಳಿಕೊಟ್ಟಿರಲಿಲ್ಲ: ಜಗಳ ಮಾಡದವರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವುದು.

“ಗ್ವಾಡಿ ಮ್ಯಾಲಿನ ಪಟ್ಟಿ ತಿದ್ರಿ ಸರ” ಎಂದೂ ಅವರು ಹೇಳಿದರು.

“ನಾಳೆ ಬರೀತೇನಿ.”

ಪಟ್ಟಿ ತಿದ್ದಿದರೆ ದೇಸಾಯರು ಮಾಡಿದ್ದು ಹತ್ತು ಜನರಿಗೆ ಗೊತ್ತಾಗುತ್ತದೆ. ನನ್ನ ಕಾಗದಕ್ಕೆ ಇನ್ನೂ ಅವರ ಸಹಿ ಬೀಳಬೇಕಿತ್ತು. ಜುಬೇದಾಬಾಯಿ ಇನ್ನೆರಡು ಸಲ ನೆನಪಿಸಿದರು. ಎರಡು ಸಲವೂ ನಾಳೆಯೇ ನನ್ನ ನೆರವಿಗೆ ಬಂತು.

ಕಾರವಾರದ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಚುರುಕು. ಮುಖ್ಯ ಕಂಪ್ಯೂಟರಿಂದ ನಂಬರುವಾರು ಕೆಲಸದ ಲೆಕ್ಕ ಪ್ರಿಂಟು ತೆಗೆಸಿ, ಗೋಡೆಯ ಪಟ್ಟಿಯ ಪಕ್ಕ ಹಿಡಿದು ಓದಿದರು. ಮೊದಲ ವಾರಗಳನ್ನು ಬಿಟ್ಟರೆ ಕೆಲಸವೆಲ್ಲ ಒಂಬತ್ತನೇ ನಂಬರಿಂದ ಆಗಿತ್ತು. ಎರಡನೇ ನಂಬರು ಆಮೇಲೆ ಹೆಚ್ಚುಕಡಿಮೆ ಖಾಲಿ. ದೇಸಾಯರು ಅದರಲ್ಲಿ ಆಡುತ್ತಿದ್ದ ಇಸ್ಪೀಟಾಟವನ್ನು ಮುಖ್ಯ ಕಂಪ್ಯೂಟರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪಟ್ಟಿಯಲ್ಲಿ ಒಂಬತ್ತರ ಮುಂದೆ ನನ್ನ ದುಂಡು ಅಕ್ಷರದಲ್ಲಿ ದೇಸಾಯರ ಹೆಸರು.

“ದೇಸಾಯರೇ, ಈ ವಯಸ್ಸಿನಲ್ಲಿ ಇಷ್ಟು ಕೆಲಸವೆ! ಈಗೀಗ ಎಲ್ಲರಿಗಿಂತ ಮೊದಲು ಬರುತ್ತೀರಂತೆ ಬೇರೆ” ಎಂದು ಸಾಹೇಬರು ಕೈ ಕುಲುಕಿದರು.

ದೇಸಾಯರು ಎರಡೂ ಕೈಯಿಂದ ಆ ಕೈ ಹಿಡಿದುಕೊಂಡರು. ಅವರು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. ಬಂದ ಹೊಗಳಿಕೆಯನ್ನು ಸೀನಿಯಾರಿಟಿಯ ಪ್ರಕಾರ ಸ್ವೀಕರಿಸಿದರು ಅಷ್ಟೆ. ಜುಬೇದಾಬಾಯಿ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ನಾನು ಹೇಳಬೇಕಿದ್ದದ್ದು ಒಂದೇ ಮಾತು: ಪಟ್ಟಿ ತಪ್ಪಿದೆ ಸಾಹೇಬರೇ, ಒಂಬತ್ತು ಇವರದು. ನಾನು ಕೇಬಲ್ಲುಗಳು ಬಂದು ಸೇರುವ ಡಬ್ಬಿಯ ಹಸಿರು ದೀಪಗಳನ್ನು ಎಣಿಸುತ್ತ ನಿಂತೆ. ನಾಚಿಕೆಯಾಗುತ್ತದೆ, ಆದರೆ ಹಾಗೇ ನಿಂತೆ.

ಮೂರನೇ ದಿನ ನನ್ನ ಕಾಗದಕ್ಕೆ ಸಹಿ ಬಿತ್ತು. ಆ ಮಧ್ಯಾಹ್ನವೇ ಕೆಂಪು ಪೆನ್ನು ಹಿಡಿದು ಪಟ್ಟಿ ತಿದ್ದಿದೆ. ಕಾರವಾರಕ್ಕೂ ಒಂದು ಪತ್ರ ಬರೆದೆ. ಅದು ಹೋಗುವ ಹೊತ್ತಿಗೆ ಅಲ್ಲಿಂದ ಆದೇಶ ಹೊರಟಾಗಿತ್ತು: ಟೈಪಿಸ್ಟರ ಕೆಲಸ ತೃಪ್ತಿಕರವಲ್ಲ, ಮುಂದುವರಿಸುವ ಅಗತ್ಯವಿಲ್ಲ. ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಕೊನೆಯ ದಿನ ಜುಬೇದಾಬಾಯಿ ಕಂಪ್ಯೂಟರಿಗೆ ತಾವೇ ಹೊಲಿದು ತಂದಿದ್ದ ಹೂವಿನ ಬಟ್ಟೆಯ ಹೊದಿಕೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, “ಬರ್ತೇನ್ರಿ ಸರ” ಎಂದು ಬಸ್ಸಿಗೆ ಹೋದರು. ಎರಡನೇ ನಂಬರನ್ನು ಯಾರಾದರೂ ಮರಳಿ ಹಿಡಿದಾರೆಂಬ ಭಯ ಹೋದದ್ದರಿಂದ ದೇಸಾಯರು ಮರುವಾರದಿಂದ ಹನ್ನೊಂದೂವರೆಗೇ ಬರತೊಡಗಿದರು.

ನಾಲ್ಕೈದು ವರ್ಷ ಕಳೆದು, ಮೌಳಂಗಿಗೆ ಹೋಗುವ ದಾರಿಯಲ್ಲಿ ದಾಂಡೇಲಿಯಲ್ಲಿ ಇಳಿದಿದ್ದೆ. ಒಂದು ಅರ್ಜಿ ಟೈಪು ಮಾಡಿಸಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿ ಹೊಕ್ಕರೆ, ಅದೇ ಹೂವಿನ ಹೊದಿಕೆ. ನಾಲ್ಕು ಕಂಪ್ಯೂಟರು, ನಾಲ್ವರು ಹುಡುಗಿಯರು, ನಡುವೆ ಕನ್ನಡಕ ಹಾಕಿಕೊಂಡ ಜುಬೇದಾಬಾಯಿ. “ಬರ್ರಿ ಸರ, ಕೂಡ್ರಿ” ಎಂದು ಚಹಾ ತರಿಸಿದರು. ಒಂದು ಕೊಂಕು ಮಾತಿಲ್ಲ. ನಾನೇ ಕಸಿವಿಸಿಯಿಂದ ಅತ್ತಿತ್ತ ನೋಡುತ್ತಿದ್ದಾಗ ಗೋಡೆಯ ಮೇಲಿನ ಪಟ್ಟಿ ಕಂಡಿತು. ನಂಬರು, ಹೆಸರು, ಬದಲಾದ ತಾರೀಕು, ಬದಲಾಯಿಸಿದವರ ಸಹಿ. ಇದ್ದದ್ದು ನಾಲ್ಕೇ ಯಂತ್ರವಾದರೂ ಒಂದಕ್ಕೆ ಒಂಬತ್ತನೇ ನಂಬರು, ಅದರ ಮುಂದೆ ಅವರ ಹೆಸರು.

“ಭಾಳ ಚಲೋ ಇಟ್ಟೀರಿ” ಅಂದೆ, ಏನಾದರೂ ಅನ್ನಬೇಕಲ್ಲ ಎಂದು.

“ನಿಮ್ಮ ಕಡೆನ ಕಲ್ತದ್ರಿ” ಅಂದರು. ನಗುತ್ತಲೇ ಅಂದರು. “ಬದಲಾದ್ದು ಅವತ್ತ ಬರೀಬೇಕ್ರಿ ಸರ. ಮೂರು ದಿನ ಬಿಟ್ಟು ಬರದ್ರ ಉಪಯೋಗಿಲ್ಲ.”

ನಾನು ಚಹಾ ಮುಗಿಸಿ, ಅರ್ಜಿ ತೆಗೆದುಕೊಂಡು ಬಸ್ಸು ಹಿಡಿದೆ.

ಈಗ ಕಾಲ ಬದಲಾಗಿದೆ. ಮನೆಯ ಮೂಲೆಯ ರೂಟರು ಬಂದವರಿಗೆಲ್ಲ ತಾನೇ ನಂಬರು ಹಂಚುತ್ತದೆ, ಹೋದವರದನ್ನು ವಾಪಸು ತೆಗೆದುಕೊಳ್ಳುತ್ತದೆ. ಯಾರ ಸರ್ವಿಸ್ ಎಷ್ಟು ವರ್ಷ ಎಂದು ಕೇಳುವುದಿಲ್ಲ. ಆದರೆ ನಮ್ಮ ಟೀವಿಗೆ ನಾನೇ ಹಿಂದೊಮ್ಮೆ ಕೈಯಾರೆ ನಂಬರು ಕೊಟ್ಟು ಮರೆತಿದ್ದೆ. ಅದು ರೂಟರಿಗೆ ಗೊತ್ತಿಲ್ಲ. ಅದೇ ನಂಬರನ್ನು ಪ್ರಿಂಟರಿಗೂ ಕೊಟ್ಟಿತ್ತು. ಯಂತ್ರದ್ದೇನೂ ತಪ್ಪಿಲ್ಲ, ಈ ಸಲವೂ ಬರೆದಿಡದಿದ್ದವನು ನಾನೇ. ಟೀವಿಗೆ ಬೇರೆ ನಂಬರು ಕೊಟ್ಟೆ, ಎರಡೂ ಚಾಲೂ ಆದವು, ಮನೆಯವರು ಚಪ್ಪಾಳೆ ಹೊಡೆದು ಅವರವರ ಕೆಲಸಕ್ಕೆ ಹೋದರು. ನಾನು ಕಪಾಟಿನಿಂದ ಒಂದು ನೋಟ್‌ಬುಕ್ಕು ತೆಗೆದು ಗೆರೆ ಹೊಡೆಯತೊಡಗಿದೆ.

“ಚಹಾ ಆರ್ತೈತಿ, ಆಮ್ಯಾಲ ಬರೀರಲಾ” ಎಂದು ಹೆಂಡತಿ ಒಳಗಿಂದ ಕೂಗಿದಳು.

“ಆಮ್ಯಾಲ ಬರದ್ರ ಉಪಯೋಗಿಲ್ಲ” ಅಂದೆ.