ನಾನು ತಿದ್ದಿದ ಸವತಿಕಾಯಿ

ಕಳೆದ ವರ್ಷ ಹೆಂಡತಿಗೆ ಬ್ಯಾಂಕಿನಿಂದ ಚೆನ್ನೈಗೆ ವರ್ಗವಾಯಿತು. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕ್ ಕೆಲಸ ಬಿಟ್ಟು ನಾನೂ ಜೊತೆಗೆ ಬಂದೆ. ವೆಸ್ಟ್ ಮಾಂಬಲಂನಲ್ಲಿ ಮನೆ ಹಿಡಿದೆವು. ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಗಿರಿಜಾ ಮಿಸ್ ಹೆರಿಗೆ ರಜೆಗೆ ಹೊರಟಿದ್ದರು. ಅವರು ವಾಪಸಾಗುವವರೆಗೆ ಆರನೇ ತರಗತಿಯ ಕನ್ನಡ ಪಾಠ ಮಾಡುತ್ತೀರಾ ಎಂದು ಪರಿಚಯದವರು ಕೇಳಿದರು. ವರ್ಷಗಟ್ಟಲೆ ಬೇರೆಯವರ ಕನ್ನಡ ತಿದ್ದಿದವನಿಗೆ ಇದೇನು ದೊಡ್ಡದು ಎಂದುಕೊಂಡು ಒಪ್ಪಿದೆ.

ದೊಡ್ಡದೇ ಆಗಿತ್ತು. ಕನ್ನಡ ತೆಗೆದುಕೊಂಡವರು ಹತ್ತು ಹನ್ನೆರಡು ಮಕ್ಕಳು. ರೈಲ್ವೆಯವರ, ಬ್ಯಾಂಕಿನವರ, ಅಂಗಡಿಯವರ ಮಕ್ಕಳು. ನಾನು ಕನ್ನಡದಲ್ಲಿ ಕೇಳಿದ್ದು ಅವರಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ವಿಭಕ್ತಿ ಪ್ರತ್ಯಯಗಳನ್ನು ಬೋರ್ಡ್ ಮೇಲೆ ಬರೆದು ತಿರುಗಿದರೆ ಅರ್ಧ ತರಗತಿ ಕಿಟಕಿಯಾಚೆ ಹೋಗುವ ರೈಲು ನೋಡುತ್ತಿರುತ್ತಿತ್ತು. ಕನ್ನಡದಲ್ಲಿ ಬಾಯಿ ಬಿಡುತ್ತಿದ್ದವಳು ಒಬ್ಬಳೇ, ಸುಪ್ರಿಯಾ. ಅವಳ ಅಜ್ಜಿ ಧಾರವಾಡದ ಕಡೆಯಿಂದ ಬಂದು ಮಗನ ಮನೆಯಲ್ಲಿದ್ದರು. ಅವರಿಗೆ ತಮಿಳು ಬಾರದು. ಹಾಗಾಗಿ ಮೊಮ್ಮಗಳಿಗೆ ಅವರ ಮಾತು ಬಂದಿತ್ತು.

ನನ್ನ ಪಾಡು ನೋಡಿ ವಿಜ್ಞಾನದ ಟೀಚರ್ ಒಂದು ದಿನ ಸ್ಟಾಫ್ ರೂಮಿನಲ್ಲಿ ನಕ್ಕರು. "ಸರ್, ನೀವು ಬಾಯಿಗೇ ಕೆಲಸ ಕೊಡ್ತಿದ್ದೀರಿ. ಮೊದಲು ಕೈಗೆ ಕೊಡಿ, ಬಾಯಿ ತಾನಾಗಿ ಬರುತ್ತೆ" ಎಂದರು.

ಮುಂದಿನ ಶುಕ್ರವಾರ ನಾನು ನೆನೆಸಿದ ಹೆಸರುಬೇಳೆ, ತೆಂಗಿನಕಾಯಿ, ನಿಂಬೆಹಣ್ಣು, ಸೌತೆಕಾಯಿ, ಕ್ಯಾರೆಟ್, ತುರಿಯುವ ಮಣೆ ಎಲ್ಲ ಹೊತ್ತುಕೊಂಡು ಹೋದೆ. ಬೆಂಚುಗಳನ್ನು ಕೂಡಿಸಿದೆವು. ಕೋಸಂಬರಿ ಮಾಡಬೇಕು, ಬೇಕಾದ್ದನ್ನು ಕನ್ನಡದಲ್ಲಿ ಕೇಳಿದವರಿಗೆ ಮಾತ್ರ ಸಿಗುತ್ತದೆ ಎಂದು ನಿಯಮ ಮಾಡಿದೆ.

ತರಗತಿ ಒಮ್ಮೆಲೇ ಎದ್ದು ಕೂತಿತು. "ಉಪ್ಪು ಕೊಡಿ" ಎಂದು ಕಾರ್ತಿಕ್ ಕೂಗಿದ. "ಅದು ತಮಿಳುಡಾ, ಕೊಡಬೇಡಿ ಸರ್!" ಎಂದು ಇನ್ನೊಬ್ಬ ಜಗಳಕ್ಕೆ ಬಿದ್ದ. ಉಪ್ಪು ಎರಡೂ ಭಾಷೆಯಲ್ಲಿ ಉಪ್ಪೇ ಎಂದು ನಾನು ತೀರ್ಪು ಕೊಟ್ಟೆ. "ತುರಿ", "ಹಿಂಡು", "ಕಲಸು" ಎಂಬ ಮಾತುಗಳು ಯಾರೂ ಉರು ಹೊಡೆಸದೆ ಬಂದವು. ಇಷ್ಟು ದಿನ ನನಗೆ ಇದು ಹೊಳೆಯಲಿಲ್ಲವಲ್ಲ ಎನಿಸಿತು. ಡೆಸ್ಕಿನಲ್ಲಿ ಒಳ್ಳೆಯ ತಲೆಬರಹ ಸಿಕ್ಕಾಗ ಬರುವಂಥ ಹುಮ್ಮಸ್ಸು ಬಂದಿತ್ತು.

ಆಗ ಸುಪ್ರಿಯಾ ಕೈ ಚಾಚಿದಳು. "ಸರ್, ಸವತಿಕಾಯಿ ಕೊಡ್ರಿ."

ನಾನು ಸೌತೆಕಾಯಿ ಎತ್ತಿ ಹಿಡಿದು, "ಯಾರ ಸವತಿಯಮ್ಮಾ ಇವಳು? ನಿನ್ನ ಅಮ್ಮನಿಗೋ, ಅಜ್ಜಿಗೋ?" ಎಂದೆ.

ಯಾರಿಗೂ ಅರ್ಥವಾಗಲಿಲ್ಲ. "ಸವತಿನಾ ಎನ್ನ ಸರ್?" ಹಾಗಂದರೇನು ಎಂದು ಕಾರ್ತಿಕ್ ಕೇಳಿದ. ನಾನು ಅಲ್ಲಿಗಾದರೂ ಬಿಡಬಹುದಿತ್ತು. ಅಪ್ಪನ ಇನ್ನೊಬ್ಬ ಹೆಂಡತಿ ಎಂದು ಬಿಡಿಸಿ ಹೇಳಿದೆ.

"ಐಯೋ, ಸೆಕೆಂಡ್ ವೈಫ್ ಕಾಯ್!" ಎಂದ ಅವನು. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಬೋರ್ಡಿನ ಮೇಲೆ 'ಸವತಿಕಾಯಿ' ಎಂದು ಬರೆದು, ಕೆಂಪು ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಸೌತೆಕಾಯಿ' ಎಂದು ಬರೆದೆ. ಸುಪ್ರಿಯಾ ಕೈ ಹಿಂದಕ್ಕೆ ತೆಗೆದುಕೊಂಡಳು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸವತಿಕಾಯಿ ತಪ್ಪಲ್ಲ ಎಂದು ನನಗೆ ಗೊತ್ತಿತ್ತು. ಹುಬ್ಬಳ್ಳಿಯ ವರದಿಗಾರರ ಸುದ್ದಿಯಲ್ಲಿ ಆ ಪದ ಎಷ್ಟೋ ಸಲ ಬಂದಿತ್ತು. ಅಲ್ಲಿ ಅದನ್ನು ಬದಲಾಯಿಸುತ್ತಿದ್ದುದು ಪತ್ರಿಕೆಯ ರೂಢಿಗಾಗಿ. ಉತ್ತರ ಕರ್ನಾಟಕದ ಊರೂರಲ್ಲಿ ಜನ ಹಾಗೇ ಅನ್ನುತ್ತಾರೆ. ಅಂದು ಮಕ್ಕಳು ಮೊದಲ ಸಲ ನನ್ನ ಮಾತಿಗೆ ನಗುತ್ತಿದ್ದರು. ಆ ನಗು ಇನ್ನಷ್ಟು ಬೇಕಾಗಿತ್ತು, ಅಷ್ಟೇ.

ಮುಂದಿನ ವಾರಗಳಲ್ಲಿ ಕೈಕೆಲಸದ ಪಾಠಗಳು ಚೆನ್ನಾಗಿಯೇ ನಡೆದವು. ಹೂ ಕಟ್ಟಿದೆವು, ಪಾನಕ ಮಾಡಿದೆವು. ಹೆಡ್‌ಮಿಸ್ಟ್ರೆಸ್ ಬಂದು ನೋಡಿ ಹೊಗಳಿದರು. ಮೊದಲು ಮೂಕರಾಗಿದ್ದವರೆಲ್ಲ ಕನ್ನಡ ಮಾತಾಡುತ್ತಿದ್ದರು. ಸುಪ್ರಿಯಾ ಮಾತ್ರ ತಮಿಳಿನಲ್ಲೇ ಉತ್ತರಿಸತೊಡಗಿದ್ದಳು. ಅವಳನ್ನು ಹುಡುಗರು ಕಾಯ್ ಎಂದು ಕರೆಯುವುದು ಒಂದೆರಡು ಸಲ ಕಿವಿಗೆ ಬಿತ್ತು. ಗದರಿದೆ. ಎಲ್ಲಿಂದ ಬಂದ ಹೆಸರೆಂದು ಯೋಚಿಸಲು ಹೋಗಲಿಲ್ಲ.

ಒಂದು ಸಂಜೆ ಗೇಟಿನ ಬಳಿ ಇಳಕಲ್ ಸೀರೆಯ ಹಿರಿಯರೊಬ್ಬರು ಕೈಮುಗಿದರು. "ನಮಸ್ಕಾರ್ರೀ ಸರ. ನಾ ಸುಪ್ರಿಯಾನ ಅಜ್ಜಿ. ಮೊದಲೆಲ್ಲಾ ಹುಡುಗಿ ನನ್ನ ಜೋಡಿ ಭಾಳ ಮಾತಾಡ್ತಿತ್ರಿ. ಈಗ ಏನ್ ಕೇಳಿದ್ರೂ ತಮಿಳಿನ್ಯಾಗ ಅಂದು ಹೋಗ್ತಾಳ. ನಿನ್ನ ಮಾತು ತಪ್ಪೈತಿ, ಸಾಲ್ಯಾಗ ನಗ್ತಾರ ಅಂತಾಳ."

ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಖರೇನ ಇರಬೇಕ್ರಿ. ನೀವು ಪೇಪರಿನ್ಯಾಗ ಇದ್ದವರು, ನಿಮಗ ಗೊತ್ತಿರತೈತಿ. ನನಗೂ ನಾಕು ಶುದ್ಧ ಮಾತು ಕಲಸ್ರಿ ಸರ. ಮಗ ಮುಂಜಾನೆ ಹೋದ್ರ ರಾತ್ರಿನ ಬರೋದು, ಈ ಊರಾಗ ನನಗ ಮಾತಾಡಾಕ ಇದ್ದದ್ದು ಅದೊಂದ ಕೂಸು."

ಆಗಲಿ ನೋಡೋಣ ಎಂದಷ್ಟೇ ಹೇಳಿ ಹೊರಟುಬಿಟ್ಟೆ. ತಪ್ಪು ನನ್ನದು ಎನ್ನುವ ಎರಡು ಪದ ಬಾಯಿಗೆ ಬರಲಿಲ್ಲ.

ಮರುದಿನ ಬೋರ್ಡಿನ ಮೇಲೆ ದೊಡ್ಡದಾಗಿ 'ತಿದ್ದುಪಡಿ' ಎಂದು ಬರೆದೆ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಹೀಗೆ ಹಾಕುತ್ತಾರೆ ಎಂದು ಮಕ್ಕಳಿಗೆ ವಿವರಿಸಿದೆ. ಸವತಿಕಾಯಿ ಸರಿಯಾದ ಮಾತು, ಗೊತ್ತಿದ್ದೂ ಅಡ್ಡಗೆರೆ ಎಳೆದವನು ನಾನು ಎಂದು ಹೇಳಿ ಸುಪ್ರಿಯಾಳ ಕ್ಷಮೆ ಕೇಳಿದೆ. ಒಂದು ಸೌತೆಕಾಯಿ ತಂದಿದ್ದೆ. ಅದನ್ನು ಅವಳ ಮುಂದೆ ಹಿಡಿದು, "ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ, ಹೇಳಮ್ಮ" ಎಂದೆ.

ಅವಳು ಕಾಯಿಯನ್ನೂ ನನ್ನನ್ನೂ ನೋಡಿದಳು. "ಇಪ್ಪೊ ವೀಟ್ಲೆ ವೆಳ್ಳರಿಕ್ಕಾಯ್‌ದಾನ್ ಸರ್" ಎಂದಳು. ಈಗ ಮನೆಯಲ್ಲಿ ತಮಿಳಿನ ಹೆಸರೇ ಸರ್, ಎಂದು. ಸಿಟ್ಟಿರಲಿಲ್ಲ. ಮಾಹಿತಿ ಕೊಟ್ಟ ಹಾಗೆ ಹೇಳಿ ಕೂತಳು.

ಗಿರಿಜಾ ಮಿಸ್ ಮರಳಿ ಬಂದಿದ್ದಾರೆ. ಕೈಕೆಲಸದ ಪಾಠಗಳನ್ನು ಅವರೂ ಮೆಚ್ಚಿ ಮುಂದುವರಿಸಿದ್ದಾರಂತೆ. ಆ ಮೆಚ್ಚುಗೆ ಕಿವಿಗೆ ಬಿದ್ದಾಗೆಲ್ಲ ನನಗೆ ಚಾಚಿ ಹಿಂದೆ ಸರಿದ ಆ ಕೈ ಕಾಣುತ್ತದೆ.

ಮೊನ್ನೆ ಸ್ಟೇಷನ್ ರಸ್ತೆಯ ತರಕಾರಿ ಅಂಗಡಿಯಲ್ಲಿ ಅಜ್ಜಿ ಸಿಕ್ಕರು. ನನ್ನನ್ನು ಕಂಡೊಡನೆ ಬುಟ್ಟಿಯಿಂದ ಒಂದು ಕಾಯಿ ಎತ್ತಿ, ಪಾಠ ಒಪ್ಪಿಸುವವರ ಹಾಗೆ ಬಿಡಿಸಿ ಬಿಡಿಸಿ, "ಸೌ-ತೆ-ಕಾಯಿ. ಈಗ ಸರಿ ಐತಿಲ್ರೀ ಸರ?" ಎಂದರು.

"ಇಲ್ಲ ಅಜ್ಜಿ. ಸವತಿಕಾಯಿ ಅನ್ನಿ. ಅದೇ ಸರಿ. ತಪ್ಪು ಹೇಳಿದವನು ನಾನು" ಎಂದೆ.

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಮುದುಕಿ ಅಂತ ಚೇಷ್ಟಿ ಮಾಡಬ್ಯಾಡ್ರಿ ಸರ."